ಶಿಬಿರದ ಡಾಕ್ಟರಿಗೆ ನಾನು ಹೇಳಿದ್ದು

ನನ್ನ ತಂಗಿ ರಗ್ಬಿ ಆಡುತ್ತಾಳೆಂದರೆ ಉಡುಪಿ ಕಡೆಯ ನಮ್ಮ ನೆಂಟರು ಬಿದ್ದು ಬಿದ್ದು ನಗುತ್ತಿದ್ದರು. ಸಾರು ಅನ್ನ ಉಂಡು ಬೆಳೆದವಳಿಗೆ ಆ ಗುದ್ದಾಟ ಯಾಕಂತೆ! ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಚೆನ್ನೈಯ ಗಿಂಡಿಯಲ್ಲಿರುವ ನಮ್ಮ ಹೋಟೆಲಿನ ಹಿತ್ತಲಲ್ಲಿ ಚೆಂಡು ಹಿಡಿಯಲು ಕಲಿತವಳು ನ್ಯೂಜಿಲೆಂಡಿನ ಕ್ಲಬ್ಬೊಂದಕ್ಕೆ ಸೇರಿದಳು. ಆದರೆ ಅವಳ ಆಸೆ ಒಂದೇ, ಭಾರತದ ಜೆರ್ಸಿ.

ಅದಕ್ಕೊಂದು ನಿಯಮ. ಹೊರದೇಶದಲ್ಲಿ ಆಡುವವರು ಆಯ್ಕೆ ಶಿಬಿರಕ್ಕೆ ಮೊದಲ ದಿನವೇ ಹಾಜರಾಗಿ ಎಲ್ಲ ಪಂದ್ಯ ಆಡಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲ. ಅಲ್ಲಿ ಕ್ಲಬ್ಬಿನವರೇನು ಕಡಿಮೆಯೇ? ವಾರವಿಡೀ ತಾಲೀಮು, ಶನಿವಾರ ಬಂತೆಂದರೆ ಪಂದ್ಯ. ಎರಡೂ ಕಡೆಯವರು ಹಿಂಡಿದ್ದು ಒಂದೇ ಮೈಯನ್ನು. ಅಲ್ಲಿನ ಕೊನೆಯ ಪಂದ್ಯದಲ್ಲಿ ಯಾರದೋ ಮೊಣಕಾಲು ಅವಳ ತಲೆಗೆ ಬಡಿಯಿತು. ಮೂರು ವಾರ ಆಡಕೂಡದೆಂದು ಡಾಕ್ಟರು ಬರೆದುಕೊಟ್ಟರು. ಚೆನ್ನೈಯ ಶಿಬಿರಕ್ಕೆ ಉಳಿದದ್ದು ಐದೇ ದಿನ. ಆ ಚೀಟಿಯನ್ನು ಬ್ಯಾಗಿನ ತಳಕ್ಕೆ ತುರುಕಿ ವಿಮಾನ ಹತ್ತಿದಳು.

ಶಿಬಿರ ಶುರುವಾಗುವ ದಿನ ಬೆಳಿಗ್ಗೆ ಮನೆಯಲ್ಲಿ ವಾಂತಿ ಮಾಡಿದಳು.

"ಎಂತ ಆಯ್ತೇ?"

"ಒಣ್ಣುಂ ಇಲ್ಲಕ್ಕಾ, ಎಂತದೂ ಇಲ್ಲ. ಫ್ಲೈಟಲ್ಲಿ ನಿದ್ದೆ ಇಲ್ಲ, ಅಷ್ಟೇ."

ನಾನು ಬಿಡಲಿಲ್ಲ. ಕೊನೆಗೆ ಚೀಟಿ ತೋರಿಸಿದಳು. "ಈ ಸಲ ತಪ್ಪಿದ್ರೆ ಅವ್ರು ಇನ್ನು ನನ್ನ ಕರೀಲಿಕ್ಕಿಲ್ಲ ಅಕ್ಕಾ," ಎಂದು ಅತ್ತಳು. ನಾನು ಗದರಿದೆ. ಶಿಬಿರದವರಿಗೆ ಈವತ್ತೇ ತಿಳಿಸುತ್ತೇನೆ ಎಂದೂ ಹೇಳಿದೆ.

ತಿಳಿಸುವವಳೇ ಇದ್ದೆ. ಮಧ್ಯಾಹ್ನ ಹೋಟೆಲಿನಲ್ಲಿ ಊಟದ ಗಡಿಬಿಡಿ, ಶಿಬಿರದ ಡಾಕ್ಟರು ತಾವಾಗಿಯೇ ಫೋನ್ ಮಾಡಿದರು. ಹೊರಗಿನಿಂದ ಬಂದ ಆಟಗಾರರ ಮನೆಯವರನ್ನೂ ವಿಚಾರಿಸುತ್ತಾರಂತೆ. ತಲೆನೋವು, ವಾಂತಿ ಏನಾದರೂ ಇದೆಯಾ ಎಂದು ತಮಿಳಿನಲ್ಲಿ ಕೇಳಿದರು.

"ಒಣ್ಣುಂ ಇಲ್ಲ ಸಾರ್," ಎಂದೆ.

ನಮ್ಮ ಹೋಟೆಲಿನ ರೂಢಿ ಅದು. ಭಟ್ಟರ ಕೈ ಸುಟ್ಟರೂ, ಅಪ್ಪನಿಗೆ ಜ್ವರ ಬಂದರೂ ಹೊರಗಿನವರ ಕಿವಿಗೆ ಬೀಳಬಾರದು. ಯಾರು ಕೇಳಲಿ, ಎಂತದೂ ಇಲ್ಲ. ಎದೆನೋವು ಇಟ್ಟುಕೊಂಡೇ ಅಪ್ಪ ಒಂದು ಪಂಕ್ತಿ ಪೂರ್ತಿ ಬಡಿಸಿದ್ದರಂತೆ. ಅದನ್ನು ಮನೆಯಲ್ಲಿ ಇವತ್ತಿಗೂ ಹೊಗಳುತ್ತಾರೆ, ಕರ್ಮ! ನನ್ನ ಬಾಯಿಯೂ ಆ ರೂಢಿಯದೇ. ಆದರೆ ಪೂರ್ತಿ ತಪ್ಪನ್ನು ಬಾಯಿಯ ಮೇಲೆ ಹಾಕಲಾರೆ. ಫೋನ್ ಇಟ್ಟ ಮೇಲೆ ಇಡೀ ಮಧ್ಯಾಹ್ನ ನನ್ನ ಕೈಯಲ್ಲಿತ್ತು. ತಿರುಗಿ ಕರೆ ಮಾಡಲಿಲ್ಲ. ಆ ಜೆರ್ಸಿಯಲ್ಲಿ ಅವಳನ್ನು ನೋಡುವ ಆಸೆ ನನಗೂ ಇತ್ತು.

ಮೂರನೆಯ ದಿನದ ಪಂದ್ಯಕ್ಕೆ ಹೋಗಿದ್ದೆ. ಎದುರು ತಂಡದವಳೊಬ್ಬಳು ಅವಳನ್ನು ಸೊಂಟಕ್ಕೆ ಹಿಡಿದು ಕೆಡವಿದಳು, ತಂಗಿ ದಿನಾ ಬೀಳುವ ಹಾಗೆಯೇ ಬಿದ್ದಳು. ಎದ್ದು ಮೈ ಕೊಡವಿಕೊಂಡು ಎದುರು ತಂಡದ ಸಾಲಿನಲ್ಲಿ ಹೋಗಿ ನಿಂತಳು. ಯಾರೋ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳು ನಿಂತಲ್ಲೇ ಕುಸಿದಳು.

ಈಗ ಎಂಟು ತಿಂಗಳು. ಬೆಸೆಂಟ್ ನಗರದ ನಮ್ಮ ಮನೆಯಲ್ಲಿ ಅವಳ ಕೋಣೆಯ ಪರದೆ ಎಳೆದೇ ಇರುತ್ತದೆ. ಬೆಳಕು ಆಗುವುದಿಲ್ಲ, ಸ್ಟೀಲ್ ತಟ್ಟೆಯ ಸದ್ದು ಆಗುವುದಿಲ್ಲ. ಇನ್ನು ಆಡುವ ಮಾತೇ ಇಲ್ಲವೆಂದು ಆಸ್ಪತ್ರೆಯವರು ಹೇಳಿದ್ದಾರೆ. ನಾವು ಅದನ್ನೇ ಹೇಳುತ್ತೇವೆ, ಅವಳು ಮರೆಯುತ್ತಾಳೆ. ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ಅಳುತ್ತಾಳೆ.

ಕಳೆದ ವಾರ ಶಿಬಿರದ ಡಾಕ್ಟರು ಮತ್ತೆ ಫೋನ್ ಮಾಡಿದರು, ಹೇಗಿದ್ದಾಳೆಂದು ಕೇಳಲು. ಯಾರೆಂದು ಕತ್ತಲ ಕೋಣೆಯಿಂದಲೇ ವಿಚಾರಿಸಿದಳು. ಹೇಳಿದೆ.

"ಎಂತದೂ ಇಲ್ಲ ಅಂತ ಹೇಳಕ್ಕಾ. ಮುಂದಿನ ಕ್ಯಾಂಪಿಗೆ ಮೊದಲ್ನೇ ದಿನವೇ ಬರ್ತೇನೆ ಅನ್ನು."

ಫೋನನ್ನು ಮತ್ತೆ ಕಿವಿಗೆ ಹಿಡಿದೆ.

"ಸಾರ್," ಎಂದೆ, "ಆವತ್ತು ಬೆಳಿಗ್ಗೆ ಅವಳು ವಾಂತಿ ಮಾಡಿದ್ದಳು."