ಆರಾಮಿಲ್ಲದವರನ್ನು ಆಡಿಸದ ಮಾವಶಿ

ಪಕ್ಕದ ಮನೆಯವರು ಇವತ್ತು ಚಟ್ನಿಪುಡಿಗೆ ಅಗಸಿ ಬೀಜ ಹುರಿಯುತ್ತಿದ್ದಾರೆ. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಕೈಯಲ್ಲಿದ್ದ ಕೆಲಸ ನಿಂತುಹೋಯಿತು. ಧಾರವಾಡದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಹೀಗೇ ಅಗಸಿ ಹುರಿಯುತ್ತ, ಇನ್ನೊಂದು ಕೈಯಲ್ಲಿ ಬಾಸ್ಕೆಟ್‌ಬಾಲ್ ತಂಡ ನಡೆಸುತ್ತಿದ್ದರು. ಓಣಿಯವರಂತೆ ನಾನೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ.

ತಂಡವೆಂದರೆ ಟ್ಯಾಬಿನೊಳಗಿನದು. ಕಾಲೇಜಿನಲ್ಲಿದ್ದಾಗ ಅವರು ನಿಜವಾದ ಅಂಗಳದಲ್ಲೇ ಆಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಈ ಆಟ ಹಿಡಿದಿದ್ದರು. ಇದರಲ್ಲಿ ನಾವು ಚೆಂಡು ಮುಟ್ಟುವಂತಿಲ್ಲ. ಪಂದ್ಯಕ್ಕೆ ಮೊದಲು ಕಣಕ್ಕಿಳಿಯುವ ಐವರನ್ನು ಆರಿಸಿಕೊಟ್ಟರೆ ಮುಂದಿನದನ್ನು ಟ್ಯಾಬೇ ಆಡಿ ತೋರಿಸುತ್ತದೆ. ಪ್ರತಿ ಆಟಗಾರನ ಮುಖದ ಕೆಳಗೊಂದು ಪಟ್ಟಿ. ದಣಿದರೆ ಅದು ಕೆಂಪಾಗುತ್ತದೆ. ನನ್ನ ಕಣ್ಣು ಯಾವಾಗಲೂ ಅಂಕಗಳ ಮೇಲೆ, ಅವರದು ಆ ಪಟ್ಟಿಯ ಮೇಲೆ.

ಒಮ್ಮೆ ಫೈನಲ್ ತನಕ ಬಂದೆವು. ನಮ್ಮ ಎತ್ತರದ ಹುಡುಗನ ಪಟ್ಟಿ ಕೆಂಪಗಾಗಿತ್ತು. ಅವನಿಲ್ಲದಿದ್ದರೆ ಸೋಲು ಗ್ಯಾರಂಟಿ.

“ಇವತ್ತೊಂದಿನ ಆಡಸ್ರಿ ಮಾವಶಿ, ಫೈನಲ್ ಅದ,” ಎಂದು ಗೋಗರೆದೆ.

“ಅವಗ ಆರಾಮಿಲ್ಲ. ಹೊರಗ ಕೂಡ್ಲಿ.”

“ಅಂವೇನು ಖರೇ ಮನಷ್ಯಾನ?”

“ಬಾಯಿ ಬಿಟ್ಟು ಹೇಳಾಕ ಬರೂದಿಲ್ಲ ಅವಗ. ನಾವ ನೋಡಿ ತಿಳ್ಕೋಬೇಕು, ಹುಚ್ಚಿ.”

ಹೀನಾಯವಾಗಿ ಸೋತೆವು. ನಾನು ಮುಖ ಊದಿಸಿಕೊಂಡು ಓಡಾಡಿದೆ. ಅವರು ಚಟ್ನಿಪುಡಿ ಕೊಟ್ಟು ರಮಿಸಿದರು.

ಸ್ವಲ್ಪ ದಿನಕ್ಕೆ ಅವರಿಗೆ ಎದೆನೋವು ಶುರುವಾಯಿತು. ನೀರಿನ ಕೊಡ ಎತ್ತಿದರೆ ಸಾಕು, ಗೋಡೆ ಹಿಡಿದು ನಿಂತುಬಿಡುವರು. ಬೈದು, ಕಾಡಿ, ಪರಿಚಯದ ಡಾಕ್ಟರರ ಬಳಿ ಕರೆದೊಯ್ದೆ. ಒಳಗೆ ಅವರೊಬ್ಬರನ್ನೇ ಬಿಟ್ಟರು. ಹೊರಗೆ ಕೂತ ನನಗೆ ಇಬ್ಬರೂ ನಗುವುದು ಕೇಳಿಸುತ್ತಿತ್ತು. ಮಾವಶಿ ಶಕ್ತಿಯ ಗುಳಿಗೆ ಹಿಡಿದುಕೊಂಡು ಬಂದರು.

“ಎದಿ ನೋವು ಹೇಳಿದ್ರಿಲ್ಲೋ?”

ಅವರು ಸೆರಗು ಸರಿಮಾಡಿಕೊಂಡರು. “ಒಳಗ ಹೋದಕೂಡ್ಲೆ ‘ಆರಾಮ ಅದೀರಿ ಮಾವಶಿ?’ ಅಂದ್ರು. ‘ಆರಾಮ ಅದೇನಿ, ನಿಮ್ಮ ಅವ್ವಾರು ಹೆಂಗದಾರ?’ ಅಂದೆ. ಆಮ್ಯಾಲೆ ನೋವು ಅಂತ ಹೆಂಗ ಹೇಳಬೇಕು? ಚಂದ ಕಾಣೂದಿಲ್ಲ.”

ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಆಟೋದಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೋಮವಾರ ಮತ್ತೆ ಹೋಗೋಣ, ಈ ಸಲ ನಾನೂ ಒಳಗೆ ಬರುತ್ತೇನೆ ಎಂದೆ. ಹೂಂ ಅಂದರು...

ಭಾನುವಾರ ಬೆಳಿಗ್ಗೆ ಒಲೆಯ ಮುಂದೆ ಕುಸಿದವರು ಏಳಲಿಲ್ಲ.

ಅವರ ಮುಖದ ಕೆಳಗೂ ಅಂಥದೊಂದು ಪಟ್ಟಿ ಇರಬಾರದಿತ್ತೇ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಸಿಟ್ಟು ಬರುತ್ತದೆ. ‘ಆರಾಮ’ ಎಂಬ ಆ ಒಂದು ಶಬ್ದದ ಮೇಲೆ, ಸಾಯುವ ನೋವನ್ನೂ ಚಂದ ಕಾಣುವುದಿಲ್ಲ ಎಂದು ನುಂಗಿಸುವ ನಮ್ಮ ಮರ್ಯಾದೆಯ ಮೇಲೆ... ಸಿಟ್ಟು ಮಾಡಿಕೊಂಡು ಏನು ಬಂತು, ಅವರಂತೂ ಹೋದರು.

ಈಗ ನಾನು ಹುಬ್ಬಳ್ಳಿಯಲ್ಲಿದ್ದೇನೆ. ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಎದುರಾದವರು ‘ಆರಾಮ?’ ಎನ್ನುತ್ತಾರೆ. ಆರಾಮ ಅಂತ ಹೇಳಿ ಬಸ್ಸು ಹಿಡಿಯುತ್ತೇನೆ. ಮುಖ ನೋಡಿಯೇ ತಿಳಿದುಕೊಂಡು, ಇವತ್ತು ನೀ ಹೊರಗ ಕೂಡು ಎನ್ನುವವರು ನನಗೆ ಒಬ್ಬರೇ ಇದ್ದರು.