ಒಂದು ಬೆರಳು ದೊಡ್ಡ ಚಪ್ಪಲಿ

ಮೊಮ್ಮಕ್ಕಳೇ, ಮೊನ್ನೆ ಸಂಜೆ ಪ್ರಾರ್ಥನೆಗೆ ಕೂತಾಗ ನಿಮ್ಮಲ್ಲಿ ಚಿಕ್ಕವಳು ಕಣ್ಣು ಮುಚ್ಚಲಿಲ್ಲ. "ಅಜ್ಜಿ, ಗಾಡ್ ನಮ್ಮ ಫಾದರ್ ಅಂತೀರಿ. ಫಿರ್ ದಿಖ್ತಾ ಕ್ಯೋಂ ನಹೀ, ಕಾಣೋದೇ ಇಲ್ಲ ಯಾಕೆ? ಪಪ್ಪಾ ಶಿಪ್ಪಿಂದ ವಿಡಿಯೋ ಕಾಲ್ ಆದ್ರೂ ಮಾಡ್ತಾರೆ" ಎಂದಳು.

"ಅಲ್ಲಿ ನೆಟ್‌ವರ್ಕ್ ಇಲ್ಲ ರೇ" ಎಂದು ದೊಡ್ಡವನು ನಕ್ಕ.

ನಾನು ಪ್ರಾರ್ಥನೆ ಮುಗಿಸಿ ಎದ್ದೆ. ಇಂಥದ್ದನ್ನು ಬಾಯಿಬಿಟ್ಟು ಹೇಳಲು ಮೊದಲಿಂದಲೂ ಸಂಕೋಚದವಳು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಪ್ಪ ಬೊಂಬಾಯಿಯ ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದರು. ಅಮ್ಮ ಮತ್ತು ನಾನು ಉಡುಪಿ ಕಡೆಯ ಹಳ್ಳಿಯಲ್ಲಿ. ನಾನು ನಡೆಯಲು ಕಲಿಯುವ ಮೊದಲೇ ಹೋದವರಿಗೆ ವರ್ಷಗಟ್ಟಲೆ ಊರಿಗೆ ಬರಲಾಗಲಿಲ್ಲ. ಅವರ ಮುಖ ನನಗೆ ಗೊತ್ತಿರಲಿಲ್ಲ. ಚರ್ಚಿನ ಭಾನುವಾರದ ಪಾಠದಲ್ಲಿ ಟೀಚರಮ್ಮ, ದೇವರು ಪರಲೋಕದಲ್ಲಿರುವ ತಂದೆ ಎಂದು ಹೇಳಿಕೊಟ್ಟಾಗ, ಪರಲೋಕವೆಂದರೆ ಬೊಂಬಾಯಿಯೇ ಎಂದು ತಿಳಿದೆ.

ಪ್ರತಿವರ್ಷ ಅಮ್ಮ ತೆಂಗಿನ ಗರಿಯ ಕಡ್ಡಿಯನ್ನು ನನ್ನ ಪಾದದ ಉದ್ದಕ್ಕೆ ಮುರಿದು, ಬೊಂಬಾಯಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದಳು. ತಿಂಗಳುಗಳ ಮೇಲೆ ಚಪ್ಪಲಿ ಬರುತ್ತಿತ್ತು. ಅದಕ್ಕೆ ಬೈಂಡಿಂಗ್ ಅಂಟಿನ ವಾಸನೆ. ಮೂಗಿಗೆ ಹಿಡಿದು ಮಲಗಿದರೆ ಕನಸಿನಲ್ಲಿ ಬೆಳ್ಳಗಿನ ಊರೊಂದು ಕಾಣುತ್ತಿತ್ತು. ಅಲ್ಲಿ ಯಾರೋ ಬೆನ್ನು ಹಾಕಿ ಕೂತು ಕಾಗದ ಮಡಚುತ್ತಿದ್ದರು, ತಿರುಗುತ್ತಲೇ ಇರಲಿಲ್ಲ. ಚಪ್ಪಲಿ ಮಾತ್ರ ಯಾವಾಗಲೂ ಒಂದು ಬೆರಳು ದೊಡ್ಡದು.

"ನಿನ್ನ ಅಪ್ಪನಿಗೆ ಅಳತೆಯೇ ಗೊತ್ತಿಲ್ಲ" ಎಂದು ಅಮ್ಮ ಗೊಣಗುತ್ತಿದ್ದಳು.

ಕೊನೆಗೆ ಬೊಂಬಾಯಿಯ ಅಂಚಿನ ದಹಿಸರಿನಲ್ಲಿ ಅಪ್ಪನಿಗೆ ಒಂದು ಖೋಲಿ, ಒಂದೇ ಕೋಣೆಯ ಮನೆ, ಸಿಕ್ಕಿತು. ನಾವು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನಗೆ ಒಂದೇ ಭಯ: ಅವರಿಗೆ ಅಮ್ಮನ ಗುರುತು ಸಿಗುತ್ತದೆ, ನನ್ನದು?

ಇಳಿದಾಗ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಜನ ನೆರಳುಗಳ ಹಾಗೆ ಓಡಾಡುತ್ತಿದ್ದರು. ನಾನು ಅಮ್ಮನ ಸೆರಗಿನ ಹಿಂದೆ ಅಡಗಿದೆ. ಸಣಕಲು ಮನುಷ್ಯರೊಬ್ಬರು ನೆಟ್ಟಗೆ ಬಂದು, ಮುಖ ನೋಡುವ ಮೊದಲೇ, ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತರು. ಹಿಮ್ಮಡಿಯ ಹಿಂದೆ ಚಪ್ಪಲಿಯ ಮೇಲೆ ಬೆರಳಿಟ್ಟು ನೋಡಿದರು. ಜಾಗ ಉಳಿದಿರಲಿಲ್ಲ.

"ಸರಿ ಹೋಯ್ತಲ್ಲ ಮಗಾ," ಎಂದರು. "ಮುಂದಿನ ಚಪ್ಪಲಿ ಊರಿಗೆ ಮುಟ್ಟುವಾಗ ನೀನು ಬೆಳೆದಿರ್ತಿ ಅಂತ ಒಂದು ಬೆರಳು ಬಿಟ್ಟೇ ತಕೊಳ್ಳುದು ನಾನು."

"ಅಷ್ಟು ಒಂದು ಮಾತು ಹೇಳಿ ಕಳಿಸ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದು ಅಮ್ಮ ಗದರಿದಳು.

ಆ ಅಂಟಿನ ವಾಸನೆ ಈಗ ಇಷ್ಟು ಹತ್ತಿರದಲ್ಲಿತ್ತು. ನಾನು ಸೆರಗು ಬಿಟ್ಟೆ.

ಕಾಂದಿವಲಿಯ ನಮ್ಮ ಮನೆಯ ಈ ಕಿಟಕಿಯ ಬಳಿ ಕೂತು ಪ್ರಾರ್ಥನೆಯಲ್ಲಿ ತಂದೆಯೇ ಎನ್ನುವಾಗ ನನಗೆ ಇವತ್ತಿಗೂ ಮುಖ ಕಾಣುವುದಿಲ್ಲ, ಚಿಕ್ಕವಳೇ. ಹಿಮ್ಮಡಿಯ ಹಿಂದೆ ಒಂದು ಬೆರಳು ತಾಕಿದಂತಾಗುತ್ತದೆ, ಅಷ್ಟೇ. ನಾಳೆ ನೀನು ಕಣ್ಣು ತೆರೆದೇ ಇದ್ದರೂ ಪರವಾಗಿಲ್ಲ. ನನ್ನ ಪಕ್ಕದಲ್ಲಿ ಕೂತಿರು.