ತಲೆಯೊಳಗಿನ ನೀರು, ಬಾಸಿಂಗದ ದಾರ

೧೯೯೭ನೆಯ ಇಸವಿ. ಆಗ ನನಗೆ ಇಪ್ಪತ್ತೇಳು ವರ್ಷ. ಗಂಗಾವತಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು, ಮರಳಿ ಎಂಬ ಊರಿನ ಆಚೆಗಿನ ಒಂದು ಪ್ರೌಢಶಾಲೆಗೆ ಬಸ್ಸಿನಲ್ಲಿ ಹೋಗಿ ಕನ್ನಡ ಕಲಿಸುತ್ತಿದ್ದೆ. ಕಾರಟಗಿಯ ಭತ್ತದ ವ್ಯಾಪಾರಿಯೊಬ್ಬರ ಮಗಳೊಡನೆ ನನ್ನ ಮದುವೆ ನಿಶ್ಚಯವಾಗಿತ್ತು. ದೀಪಾವಳಿ ಕಳೆದ ಮೇಲೆ ಮುಹೂರ್ತ ನೋಡುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಆ ಮದುವೆ ನಡೆಯುವುದೋ ಇಲ್ಲವೋ ಎಂಬುದು ನಾನು ನಡೆಯುವ ರೀತಿಯ ಮೇಲೆ ನಿಂತೀತೆಂದು ಆಗ ಯಾರಾದರೂ ಹೇಳಿದ್ದರೆ, ವಾಕ್ಯವನ್ನು ತಿದ್ದಿ ಇನ್ನೊಮ್ಮೆ ಹೇಳಿರೆಂದು ಅವರನ್ನು ತಡೆಯುತ್ತಿದ್ದೆ.

ತಿದ್ದುವುದು ನನ್ನ ಸ್ವಭಾವ. ಮಕ್ಕಳ ಸಾಲು ನೆಟ್ಟಗಾಗುವವರೆಗೆ ಪ್ರಾರ್ಥನೆ ತೊಡಗಲು ಬಿಡುತ್ತಿರಲಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಬೆರೆಸಿದವರು ಆ ಪದವನ್ನು ಮತ್ತೆ ಬರೆಯದೆ ಮನೆಗೆ ಹೋಗುವಂತಿರಲಿಲ್ಲ. ಅಂಥ ನಾನು ಹಲಗೆಯ ಮೇಲೆ ಬರೆದ ಸಾಲುಗಳೇ ಆ ಮಳೆಗಾಲದಲ್ಲಿ ಬಲಕ್ಕೆ ಇಳಿಯತೊಡಗಿದವು. ಮಕ್ಕಳು ಕತ್ತು ಓರೆ ಮಾಡಿ ಓದುತ್ತಿದ್ದರು. ತುಂಟತನವೆಂದು ಗದರಿಸಿದೆ. ಬೆಳಗ್ಗೆ ಏಳುವಾಗ ತಲೆ ಒಡೆದು ಹೋಗುವಂಥ ನೋವು. ಹೊತ್ತು ಏರಿದಂತೆ ಅದು ಇಳಿಯುತ್ತಿತ್ತು. ಕಾಲುಗಳು ಮಾತ್ರ ನಾಟಿಗೆ ಇಳಿದವರ ಕಾಲಿನಂತೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಮೂತ್ರಕ್ಕೆ ಅವಸರವಾದರೆ ತಡೆಯಲಾಗುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳದೆ, ಕನ್ನಡಕದ ನಂಬರು ಬದಲಿಸಿಕೊಂಡು ಬಂದೆ.

ಒಂದು ಮುಂಜಾನೆ ಹೆಡ್‌ಮಾಸ್ತರರು ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಮಾಸ್ತರ, ಸ್ವಲ್ಪ ಹತ್ತಿರ ಬರ್ರಿ. ಬಾಯಿ ತಗೀರಿ."

"ಹಲ್ಲು ನೋಡ್ತೀರೇನ್ರಿ ಸರ?"

"ನಿಮ್ಮ ಹಲ್ಲು ತಗೊಂಡು ನಾ ಏನ್ ಮಾಡ್ಲಿ? ಹಾ ಅನ್ರಿ."

ನಾನು ಹಾ ಎಂದೆ. ಅವರು ಮೂಗು ಮುಂದೆ ತಂದು ಉಸಿರೆಳೆದುಕೊಂಡರು. "ವಾಸನಿ ಏನೂ ಇಲ್ಲಲ್ಲ! ಮತ್ತ ಮಂದಿ ಹಂಗ್ಯಾಕ ಅಂತಾರ? ಮಾಸ್ತರು ಮುಂಜಾನಿನ ಗ್ವಾಡಿ ಹಿಡ್ಕೊಂಡು ಸಾಲಿಗೆ ಬರ್ತಾರ ಅಂತಾರ. ಯಾಲಕ್ಕಿ ಗೀಲಕ್ಕಿ ತಿಂದು ಬಂದೀರೇನು?"

ನಾನು ಚಹಾವನ್ನೂ ಮುಟ್ಟದವನು. ಹೊರಗೆ ಬಂದು, ಮಳೆಗೆ ನೆನೆದ ಅಂಗಳದಲ್ಲಿ ನಾನು ನಡೆದು ಬಂದಿದ್ದ ಗುರುತನ್ನು ಮೊದಲ ಬಾರಿಗೆ ನೋಡಿದೆ. ಹೆಜ್ಜೆಗಳೇ ಇರಲಿಲ್ಲ. ಒಂದಕ್ಕೊಂದು ದೂರವಾದ, ಅಂಕುಡೊಂಕಾದ ಎರಡು ಗೀರುಗಳು ಗೇಟಿನಿಂದ ಮೆಟ್ಟಿಲವರೆಗೆ ಎಳೆದುಕೊಂಡು ಬಂದಿದ್ದವು. ಅವು ನನ್ನವು.

ಸುದ್ದಿ ಕಾರಟಗಿಗೆ ಮುಟ್ಟಿತು. ನನ್ನ ಭಾವೀ ಮಾವ ಸ್ಕೂಟರಿನಲ್ಲಿ ಬಂದು, ಚಹದಂಗಡಿಯ ಹಿಂದೆ ನಿಂತು ನನ್ನ ನಡಿಗೆಯನ್ನು ಕಣ್ಣಾರೆ ನೋಡಿಕೊಂಡು, ನೇರವಾಗಿ ಕುಷ್ಟಗಿ ತಾಲ್ಲೂಕಿನ ನಮ್ಮ ಊರಿಗೆ ಹೋದರಂತೆ. "ಬೀಗರ, ನಿಮ್ಮ ಹುಡುಗ ಹೊತ್ತು ಹುಟ್ಟೂದ್ರಾಗ ಏರಿಸ್ತಾನೇನ್ರಿ?" ಎಂದು ಕೇಳಿದರಂತೆ. ಅಂದೇ ಅಪ್ಪ ನನ್ನ ಕೋಣೆಗೆ ಬಂದು, ಮಂಚದ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಸೀಮೆಸುಣ್ಣದ ಪೆಟ್ಟಿಗೆಯೊಂದೇ ಇತ್ತು. ಮರುದಿನ ಬೆಳಗ್ಗೆ ಏಳುವಾಗ ನಾನು ವಾಂತಿ ಮಾಡಿಕೊಂಡು ಬಿದ್ದೆ. ಬಾಟಲಿ ಹುಡುಕಲು ಬಂದ ಅಪ್ಪನೇ ನನ್ನನ್ನು ಎತ್ತಿಕೊಂಡು ಕೊಪ್ಪಳದ ವೈದ್ಯರಲ್ಲಿಗೆ ಒಯ್ದ. ಅವರು ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ತಡಮಾಡದೆ ಹುಬ್ಬಳ್ಳಿಗೆ ಕಳಿಸಿದರು.

ಅಲ್ಲಿ ತಲೆಯ ಸ್ಕ್ಯಾನಿಂಗ್ ಆಯಿತು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದರು. ಮಿದುಳಿನ ನಡುವೆ ಎರಡು ಕಪ್ಪು ಕೆರೆಗಳು.

"ತಲಿಯೊಳಗ ನೀರು ನಿಂತಾವ್ರಿ. ಹರಿಯೋ ಹಾದಿ ಹುಟ್ಟಿನಿಂದನ ಸಣ್ಣದಿತ್ತು, ಈಗ ಕಟ್ಟೈತಿ. ಆಪರೇಷನ್ ಮಾಡಿ, ಅಲ್ಲಿಂದ ಹೊಟ್ಟಿಗೆ ಒಂದು ಸಣ್ಣ ಪೈಪು ಇಳಿಸಬೇಕು."

ಅಪ್ಪ ಬಹಳ ಹೊತ್ತು ಆ ಕಪ್ಪನ್ನೇ ನೋಡಿದ. "ಹೊಲಕ್ಕ ಕಾಲುವಿ ನೀರು ಬರ್ತಾವಂತ ನಮ್ಮಪ್ಪ ಸಾಯೂತನ ಕಾದಾ ಸಾಹೇಬ್ರ. ಹೊಲಕ್ಕ ಬರ್ಲಿಲ್ಲ. ಇವನ ತಲಿಗೆ ಬಂದ್ವೇನ್ರಿ?"

ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ.

ಆಪರೇಷನ್ ಮುಗಿದು ಎಚ್ಚರವಾದಾಗ ತಲೆನೋವು ಇರಲಿಲ್ಲ, ಅದಿಲ್ಲದ್ದಕ್ಕೇ ಬೆಚ್ಚಿದೆ. ಕೈಯೆತ್ತಿ ಮುಟ್ಟಿದರೆ ಕೂದಲೂ ಇಲ್ಲ. ಬಲಗಿವಿಯ ಹಿಂದೆ ಹುಣಸೆ ಬೀಜದಂಥ ಒಂದು ಗಂಟು, ಅದರಿಂದ ಕೊರಳ ಚರ್ಮದಡಿಯಲ್ಲಿ ಇಳಿದ ದಾರದಂಥದ್ದು. ನಾನು ಕೂಗಿಕೊಂಡೆ. ನರ್ಸಮ್ಮ ಕೈ ಹಿಡಿದು ಕೆಳಗಿಟ್ಟಳು. "ಒತ್ತಬ್ಯಾಡ್ರಿ ಸರ. ಇನ್ನ ಮ್ಯಾಲೆ ಅದೂ ನಿಮ್ದ."

ಸುಧಾರಿಸಿಕೊಳ್ಳಲು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದ್ದ ಅಕ್ಕನ ಮನೆಗೆ ಬಂದೆವು. ಅವ್ವ ಊರಿನಿಂದ ಬಂದು ಬಾಗಿಲಲ್ಲಿ ಕಾಯುತ್ತಿದ್ದಳು. ನಮ್ಮ ಮನೆತನದಲ್ಲಿ ತಂದೆ ತೀರಿಕೊಂಡಾಗ ಮಾತ್ರ ಮಗ ತಲೆ ಬೋಳಿಸಿಕೊಳ್ಳುತ್ತಾನೆ. ಆಟೋದಿಂದ ಮೊದಲು ಇಳಿದವನು ನಾನು. ನನ್ನ ತಲೆಯನ್ನು ಕಂಡೊಡನೆ ಅವ್ವ ಎದೆ ಬಡಿದುಕೊಂಡು ಕುಸಿದಳು.

"ಏ, ನಾ ಇನ್ನ ಅದೀನಿ!" ಎಂದು ಅಪ್ಪ ಆಟೋದ ಆಚೆ ಬದಿಯಿಂದ ಕೂಗಿದ.

ಪಕ್ಕದಲ್ಲಿ ಕೂದಲು ವಿಂಗಡಿಸುವ ಕಾರ್ಖಾನೆಯಿತ್ತು. ಅಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಗೋಡೆಯ ಮೇಲಿಂದ ಇಣುಕಿ, "ಮಾಸ್ತರ, ಕೂದಲಾ ಹುಬ್ಬಳ್ಳ್ಯಾಗ ಬಿಟ್ಟ ಬಂದ್ರೇನು? ಇಲ್ಲಿ ತಂದಿದ್ರ ತೂಕಕ್ಕರ ಹಾಕ್ತಿದ್ವಿ," ಎಂದಳು. ಅವ್ವ ಆ ದಿನ ಮೊದಲ ಬಾರಿ ನಕ್ಕಳು.

ನನಗೆ ನಗು ಬರಲಿಲ್ಲ. ಕೈಯಲ್ಲಿ ತಾಟು ಹಿಡಿದು, ಅದರ ಹೆಸರು ಹೊಳೆಯದೆ ಕುಳಿತಿರುತ್ತಿದ್ದೆ. ಬೇರೆಯವರ ಮಾತು ತಿದ್ದುವುದನ್ನೇ ಬದುಕಾಗಿಸಿಕೊಂಡವನ ಬಾಯಲ್ಲಿ ನಾಮಪದಗಳೇ ಇರಲಿಲ್ಲ. ಅವು ಒಂದೊಂದಾಗಿ ಬಂದವು. ಮೊದಲು ಅಡುಗೆಮನೆಯವು, ಆಮೇಲೆ ಶಾಲೆಯವು. ಅವ್ವ ಬೆಳಗ್ಗೆ ಅಂಗಳದಲ್ಲಿ ರಂಗೋಲಿ ಹಿಟ್ಟಿನಿಂದ ಒಂದು ನೆಟ್ಟನೆಯ ಗೆರೆ ಎಳೆದು, ಅದರ ಪಕ್ಕದಲ್ಲಿ ನಡೆಯೆನ್ನುತ್ತಿದ್ದಳು. ಮೊದಮೊದಲು ಗೆರೆ ಅಳಿಸಿಹೋಗುತ್ತಿತ್ತು. ಬರಬರುತ್ತ ಉಳಿಯತೊಡಗಿತು.

ಅಷ್ಟರಲ್ಲಿ ಭಾವೀ ಮಾವ ಬಂದರು. ಜೊತೆಗೆ ಮಗಳು. ಅವಳ ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ನಾವು ಕೊಟ್ಟ ನಿಶ್ಚಯದ ಸೀರೆ. ತಿರುಗಿ ಕೊಡಲು ಬಂದಿದ್ದರು.

"ಕುಡೀತಾನ ಅಂತ ತಿಳ್ಕೊಂಡಿದ್ನಿ," ಎಂದರು ಅವರು. "ಅದರ ಆಗಿದ್ರ ಛಲೋ ಇತ್ತು ನೋಡ್ರಿ. ಕುಡಿಯೋರು ಲಗ್ನ ಆದ ಮ್ಯಾಲೆ ಬಿಡ್ತಾರ. ಈ ಪೈಪು ಎಂದ ಬಿಡ್ತೈತ್ರಿ?"

ತಲೆ ತೆರೆದ ದಿನವೂ ನನಗೆ ಅಂಥ ಏಟು ಬಿದ್ದಿರಲಿಲ್ಲ. ನಾನು ಕುಡುಕನಲ್ಲವೆಂದು ಸಾಬೀತಾದರೆ ಎಲ್ಲವೂ ಸರಿಹೋಗುವುದೆಂದು ನಂಬಿದ್ದೆ.

"ಹಂಗಾರ ಒಂದ ಬಾಟ್ಲಿ ತರಸ್ಲೇನ್ರಿ ಬೀಗರ?" ಎಂದಳು ಅವ್ವ. "ಈಗ ಕುಡಿಸಿ ತೋರಿಸ್ತೀನಿ."

ಅಡುಗೆಮನೆಯ ಬಾಗಿಲ ಬಳಿ ಕುಳಿತಿದ್ದ ಹುಡುಗಿ ನನ್ನ ಕಿವಿಯ ಹಿಂಬದಿಯನ್ನೇ ನೋಡುತ್ತಿದ್ದಳು. ಆಮೇಲೆ ಅವ್ವನ ಕಡೆ ತಿರುಗಿದಳು.

"ಅತ್ತಿ, ಹಣಿಗೆ ಬಾಸಿಂಗ ಕಟ್ಟುವಾಗ ದಾರ ಕಿವಿ ಮ್ಯಾಲಿಂದನ ಹೋಗ್ತೈತಲ್ರಿ? ಬಿಗಿ ಆದ್ರ ಆ ಗಂಟಿಗೆ ಒತ್ತತೈತಿ. ಡಾಕ್ಟರಿಗೆ ಕೇಳಬೇಕ್ರಿ."

"ಯಾರ ಬಾಸಿಂಗದ ಮಾತವಾ ಅದು?" ಎಂದರು ಅವಳ ತಂದೆ.

"ಇವರದ. ನನ್ನ ಕಿವಿ ಹಿಂದೇನು ಗಂಟೈತೇನಪ್ಪಾ?"

ಮುಂದಿಟ್ಟ ಚಹಾ ಆರುವವರೆಗೆ ಕುಳಿತು, ಕೊನೆಗೆ ಅವಳ ತಂದೆ ಎದ್ದರು. "ಮೊದಲ ಸಾಲಿಗೆ ಹೋಗಿ ಪಾಠ ಮಾಡ್ಲಿ. ಮಂದಿ ಮುಂದ ನೆಟ್ಟಗ ನಡೀಲಿ. ಬ್ಯಾಸಗಿಗೆ ನೋಡೂಣು." ಚೀಲ ಅವಳ ಕೈಯಲ್ಲೇ ಹಿಂದಕ್ಕೆ ಹೋಯಿತು.

ಸಂಕ್ರಾಂತಿಯ ನಂತರ ಶಾಲೆಗೆ ಮರಳಿದೆ. ಒಂದು ದಿನ ಹಲಗೆ ತುಂಬ ಬರೆದು ತಿರುಗಿದರೆ, ಮಕ್ಕಳ ಕತ್ತುಗಳು ನೆಟ್ಟಗಿದ್ದವು. ಕಿಟಕಿಯ ಆಚೆ ನನ್ನ ಭಾವೀ ಮಾವ ನಿಂತಿದ್ದರು.

"ಮಾಸ್ತರ, ಮೂರನೇ ಸಾಲು ಒಂಚೂರು ಇಳದೈತಲ್ರಿ?"

ಹೊರಳಿ ನೋಡಿದೆ. ಸಾಲು ಇಳಿದಿರಲಿಲ್ಲ. ಅವರು ಕಿಟಕಿಯ ಸರಳು ಹಿಡಿದು ನಗುತ್ತಿದ್ದರು. "ಚ್ಯಾಷ್ಟಿ ಮಾಡಿದ್ನಿ," ಎಂದರು.

ಆ ಪೈಪು ಈಗಲೂ ನನ್ನೊಳಗಿದೆ. ನಾನು ಆ ಶಾಲೆ ಬಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ. ಬೆಳಗ್ಗೆ ತಲೆ ನೋಯುತ್ತದೆಂದರೆ ಸಾಕು, ನನ್ನಾಕೆ ಬಾಗಿಲಲ್ಲಿ ನಿಂತು, "ಎಲ್ಲಿ, ಅಲ್ಲೀತನ ನಡದು ತೋರಸ್ರಿ," ಎನ್ನುತ್ತಾಳೆ. ನಾನು ನಡೆದು ತೋರಿಸುತ್ತೇನೆ. ಪ್ರತಿ ಸಲವೂ ಹೆದರಿಕೊಂಡೇ.

ಬಾಸಿಂಗದ ಮಾತನ್ನು ಹುಬ್ಬಳ್ಳಿಯ ಡಾಕ್ಟರಲ್ಲಿ ಕೇಳಿದಾಗ, ಇಂಥ ಪ್ರಶ್ನೆಯನ್ನು ತಮಗೆ ಯಾರೂ ಕೇಳಿಲ್ಲವೆಂದು ಬೆರಗಾಗಿ, ಸಡಿಲವಾಗಿ ಕಟ್ಟಿರೆಂದರು. ಮದುವೆಯ ದಿನ ಬಲಗಿವಿಯ ಮೇಲೆ ಅರಳೆಯ ಮೆತ್ತೆಯಿಟ್ಟು, ದಾರದ ಗಂಟು ಎಡಕ್ಕೆ ಬರುವಂತೆ ಬಾಸಿಂಗವನ್ನು ನನ್ನ ಮಾವನವರೇ ಕಟ್ಟಿದರು. ಅಂದು ೧೯೯೮ನೆಯ ಇಸವಿಯ ಮೇ ತಿಂಗಳ ಹದಿನಾಲ್ಕನೆಯ ತಾರೀಖು, ಗುರುವಾರ.